ಹೇಳಿದವರು ಅಕ್ಕೋರು, ಬರೆದವಳು ನಾನು

ಆ ದಿನದ ಪುಟದಲ್ಲಿ ಹದಿನಾಲ್ಕು ಹಕ್ಕಿಗಳಿವೆ. ಹದಿನಾಲ್ಕೂ ನಿಜ. ನಮ್ಮ ಕಣ್ಣೆದುರೇ ಕೂತವು, ಹಾರಿದವು. ಸುಳ್ಳು ಇರುವುದು ಪುಟದ ತಲೆಯಲ್ಲಿ. ಅಲ್ಲಿ ನನ್ನ ಕೈಯಲ್ಲೇ ಬರೆದಿದೆ: ‘ಹೇಳಿದವರು ಅಕ್ಕೋರು, ಬರೆದವಳು ನಾನು.’ ಗಿಣಿ ಬಿಟ್ಟರೆ ಆ ಹೆಸರುಗಳನ್ನು ಅಕ್ಕೋರು ಹೇಳಿರಲಿಲ್ಲ. ಅವರು ಹೇಳಿದ್ದು ಬೇರೆ, ನಾನು ಬರೆದದ್ದು ಬೇರೆ.

ನಾನು ಮುಖದ ಮೇಲೆ ಹೇಳುವ ಹೆಂಗಸು. ಅಳಿಯನಿಗೆ ಅವನ ಗಡ್ಡ ಒಪ್ಪುವುದಿಲ್ಲ ಎಂದು ಮದುವೆಯ ದಿನವೇ ಹೇಳಿದೆ. ಗಂಡ ಸತ್ತಾಗ ಅಳು ಬರಲಿಲ್ಲ, ಕೇಳಿದವರಿಗೆ ಬರಲಿಲ್ಲ ಎಂದೇ ಹೇಳಿದೆ. ಎಪ್ಪತ್ತು ದಾಟಿದ ಮೇಲೆ ಅಕ್ಷರ ಕಲಿತೆ. ಕಲಿತ ಅಕ್ಷರದಲ್ಲಿ ಸುಳ್ಳು ಬರೆದೆ.

ಶಾಲೆಗೆ ಹೋದದ್ದು ಎರಡನೆಯ ಇಯತ್ತೆಯವರೆಗೆ. ಆಮೇಲೆ ತಂಗಿ ಹುಟ್ಟಿದಳು, ಅವಳನ್ನು ಎತ್ತಿಕೊಂಡು ತಿರುಗಲು ಒಬ್ಬರು ಬೇಕಾಗಿತ್ತು. ಅಕ್ಷರಗಳ ಮುಖ ಗೊತ್ತಿತ್ತು, ಕೂಡಿಸಿ ಓದಲು ಬರುತ್ತಿರಲಿಲ್ಲ. ಧಾರವಾಡದಲ್ಲಿ ಬಸ್ಸಿನ ಬೋರ್ಡು ಓದುತ್ತಿದ್ದೆ, ಅದೂ ಬಸ್ಸು ನಿಂತಿದ್ದರೆ. ಮಗಳು ಇಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ನರ್ಸ್. ನನ್ನ ಗಂಡ ಹೋದ ಮೇಲೆ ಕ್ವೀನ್ಸ್‌ಬರಿಯಲ್ಲಿರುವ ಅವಳ ಫ್ಲಾಟಿಗೆ ಬಂದೆ.

ಅಕ್ಕೋರು ಸಿಕ್ಕಿದ್ದು ಅಲ್ಲೇ, ಕ್ವೀನ್ಸ್‌ಬರಿ ಸ್ಟೇಷನ್ ಹತ್ತಿರದ ದಿನಸಿ ಅಂಗಡಿಯಲ್ಲಿ. ಊರಿನಿಂದ ಬಂದ ಚಟ್ನಿಪುಡಿಯ ಪೊಟ್ಟಣ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಒಬ್ಬರು ತೆಳ್ಳಗಿನ ಹೆಂಗಸು, ಸೀರೆಯ ಮೇಲೆ ಕೋಟು, ಕೊರಳಲ್ಲಿ ದುರ್ಬೀನು. ಮಗನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದರು.

“ಇದ್ರಾಗ ಬೆಳ್ಳುಳ್ಳಿ ಐತೇನ್ರೀ? ನೋಡಿ ಹೇಳ್ರಿ” ಎಂದೆ.

“ಕನ್ನಡದಲ್ಲೇ ಬರೆದಿದೆಯಲ್ಲ, ಓದಿ.”

“ಓದಾಕ ಬರಂಗಿಲ್ಲ.”

“ಯಾಕೆ? ಕಣ್ಣು ಕಾಣಲ್ವಾ?”

“ಕಣ್ಣು ಚಂದಾಗಿ ಕಾಣ್ತಾವು. ನೀವು ನಿಮ್ಮ ಬ್ಲೌಸ್ ಉಲ್ಟಾ ಹಾಕ್ಕೊಂಡೀರಿ, ಅದೂ ಕಾಣಾಕತ್ತೈತಿ.”

ನೋಡಿಕೊಂಡರು. ಹೊಲಿಗೆ ಹೊರಗಿತ್ತು. ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. ಮೈಸೂರಿನಲ್ಲಿ ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವರು, ಈಗ ಎಜ್‌ವೇರ್‌ನಲ್ಲಿ ಮಗ ಸೊಸೆಯ ಜೊತೆ ಇರುವವರು ಎಂದು ಆಮೇಲೆ ತಿಳಿಯಿತು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುತ್ತೇವೆ. ನಾನು ಹಾಗೇ ಕರೆದೆ. ಅವರು ಮೊದಲ ಕೆಲವು ತಿಂಗಳು ನನಗೆ ‘ರೀ’ ಹಚ್ಚಿದರು, ಆಮೇಲೆ ‘ಕಣೇ’ ಆಯಿತು.

ದುರ್ಬೀನು ಅವರ ಗಂಡನದು. ಗಂಡನಿಗೆ ಹಕ್ಕಿ ನೋಡುವ ಹುಚ್ಚು, ಅವರು ತೀರಿಕೊಂಡ ಮೇಲೆ ಹುಚ್ಚು ಹೆಂಡತಿಗೆ ಬಂತು. “ಅಕ್ಷರ ಕಲೀಬೇಕು ಅಂದ್ರೆ ಏನಾದ್ರೂ ಬರೀಬೇಕು. ಈ ವಯಸ್ಸಲ್ಲಿ ಕಮಲ, ಬಸವ ಅಂತ ಬರೆದು ನಿಮಗೇನಾಗಬೇಕು? ಹಕ್ಕಿ ಬರೀರಿ” ಎಂದರು. ನೀಲಿ ರಟ್ಟಿನ ನೋಟ್‌ಬುಕ್ ತಂದುಕೊಟ್ಟರು. ಅವರು ಹಕ್ಕಿ ನೋಡಿ ಹೆಸರು ಹೇಳಬೇಕು, ನಾನು ಬರೆಯಬೇಕು. ಪೆನ್ನಿನಲ್ಲಿಯೇ. ತಪ್ಪಾದರೆ ಹೊಡೆದುಹಾಕುವ ಹಾಗಿಲ್ಲ. ಅದರ ಕೆಳಗೆ ಸರಿಯಾದದ್ದನ್ನು ಹತ್ತು ಸಲ ಬರೆಯಬೇಕು. “ತಪ್ಪು ಕಾಣ್ತಾ ಇರಬೇಕು. ಕಂಡರೆ ಮತ್ತೆ ಮಾಡಲ್ಲ” ಎನ್ನುತ್ತಿದ್ದರು.

ಮೊದಲ ವಸಂತದಲ್ಲಿ ಅವರಿಂದಲೇ ತಪ್ಪಾಯಿತು. ಯುಗಾದಿ ಹತ್ತಿರವಿತ್ತು. ಪಾರ್ಕಿನಲ್ಲಿ ಕರಿ ಹಕ್ಕಿಯೊಂದು ಮರದ ತುದಿಯಲ್ಲಿ ಕೂತು ಹಾಡುತ್ತಿತ್ತು. “ಕೋಗಿಲೆ, ಬರಿ” ಎಂದರು. ಬರೆದೆ. ಎರಡು ವಾರ ಅದನ್ನೇ ಬರೆದೆ. ಒಂದು ದಿನ ಆ ಕೋಗಿಲೆ ನೆಲಕ್ಕಿಳಿದು ಕೋಳಿಯ ಹಾಗೆ ಎಲೆ ಕೆದರಿ ಹುಳ ಎಳೆಯಿತು. ಅಕ್ಕೋರು ಇಂಗ್ಲಿಷ್ ಹಕ್ಕಿಪುಸ್ತಕ ತೆಗೆದು ನೋಡಿದರು, ನನ್ನ ಕೈಯಿಂದ ಪೆನ್ನು ಕಸಿದುಕೊಂಡರು, ಬೆಂಚಿನ ಮೇಲೆ ಕೂತು ‘ಬ್ಲ್ಯಾಕ್‌ಬರ್ಡ್’ ಎಂದು ಹತ್ತು ಸಲ ಬರೆದರು. ನಾನು ಎಣಿಸಿದೆ. ಒಂಬತ್ತಕ್ಕೆ ನಿಲ್ಲಿಸಿದ್ದರು, ಇನ್ನೊಂದು ಬರೆಸಿದೆ.

ನಮ್ಮ ಜೊತೆ ಸೇರಿದ ಮೂರನೆಯವಳು ಉಡುಪಿ ಕಡೆಯವಳು. ಟೂಟಿಂಗ್‌ನಲ್ಲಿ ಅಣ್ಣನ ಹೋಟೆಲಿನ ಅಡುಗೆಮನೆಯಲ್ಲಿ ದೋಸೆಕಲ್ಲಿನ ಮುಂದೆ ನಿಂತು ನಿಂತು ಮಂಡಿ ಸವೆಸಿಕೊಂಡವಳು. ಕನ್ನಡದವರ ಯುಗಾದಿ ಊಟದಲ್ಲಿ ಅಕ್ಕೋರಿಗೆ ಗಂಟುಬಿದ್ದಳು. ಟೂಟಿಂಗ್‌ನಿಂದ ಎಜ್‌ವೇರ್‌ಗೆ ನಾರ್ದರ್ನ್ ಲೈನ್ ಒಂದೇ ಟ್ಯೂಬು ರೈಲು, ಕೂತರೆ ಮುಗಿಯಿತು, ಕೊನೆಯ ಸ್ಟೇಷನ್ನಿನಲ್ಲಿ ಇಳಿದರೆ ಸಾಕು. ಡಬ್ಬಿಯಲ್ಲಿ ಗೋಳಿಬಜೆ ತರುತ್ತಿದ್ದಳು. ಹಕ್ಕಿಯ ಮೇಲೆ ಅವಳಿಗೆ ಅಷ್ಟೇನೂ ಪ್ರೀತಿ ಇರಲಿಲ್ಲ. “ನಾನು ಬರುವುದು ನಿಮ್ಮಿಬ್ಬರ ಜಗಳ ನೋಡ್ಲಿಕ್ಕೆ” ಎನ್ನುತ್ತಿದ್ದಳು.

ಹೀಗೆ ನಾಲ್ಕು ವಸಂತ ನಡೆಯಿತು. ನಾಲ್ಕು ನೋಟ್‌ಬುಕ್ಕು ತುಂಬಿದವು. ಓದಲು ಬಂತು, ಬರೆಯಲು ಬಂತು. ಚಟ್ನಿಪುಡಿಯ ಪೊಟ್ಟಣ ಓದಿದೆ. ಬೆಳ್ಳುಳ್ಳಿ ಇತ್ತು.

ಐದನೆಯ ವಸಂತಕ್ಕೆ ಮೊದಲಿನ ಚಳಿಗಾಲದಲ್ಲಿ ಅಕ್ಕೋರು ಕಪ್ಪು ಬಿಳುಪಿನ ಉದ್ದ ಬಾಲದ ಒಂದು ಮ್ಯಾಗ್‌ಪೈ ಕಡೆ ಬೆರಳು ತೋರಿಸಿ “ಕೆಂಬೂತ” ಎಂದರು. ಕೆಂಬೂತ ನಮ್ಮೂರ ಹಕ್ಕಿ, ಇಲ್ಲಿಲ್ಲ. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ. ಬರಿ ಎಂಬಂತೆ ಪುಸ್ತಕದ ಕಡೆ ನೋಡಿದರು. ಬರೆದೆ. ಇಂಥ ತಪ್ಪು ಯಾರಿಗೂ ಗೊತ್ತಾಗದೆ ಹೋದದ್ದಕ್ಕೆ ಒಂದು ಕಾರಣವಿದೆ. ಲಂಡನ್ನಿನ ಪಾರ್ಕುಗಳಲ್ಲಿ ಗಿಣಿಗಳಿವೆ. ನಮ್ಮ ಊರಿನದೇ ಹಸಿರು ಗಿಣಿ, ಕೊರಳಲ್ಲಿ ಗುಲಾಬಿ ಗೆರೆ, ಅದೇ ಕಿರಿಚಾಟ. ಮೈಸೂರಿನ ಮುದುಕಿ ಲಂಡನ್ನಿನಲ್ಲಿ ಗಿಣಿ ಕಂಡೆ ಎಂದರೆ ಅದು ನಿಜ. ಸ್ಟಾರ್ಲಿಂಗ್‌ಗೆ ನಾವೇ ‘ಇಲ್ಲಿಯ ಗೊರವಂಕ’ ಎಂದು ಹೆಸರಿಟ್ಟಿದ್ದೆವು. ಹಾಗಾಗಿ ಅವರು ಗೊರವಂಕ ಎಂದರೂ ಸರಿ, ಪಿಕಳಾರ ಎಂದರೂ ಇದ್ದರೂ ಇರಬಹುದು ಅನಿಸುತ್ತಿತ್ತು. ಎಲ್ಲಿ ಮೈಸೂರು ಮುಗಿದು ಎಲ್ಲಿ ಲಂಡನ್ನು ಶುರುವಾಗುತ್ತದೆ ಎಂದು ಹೇಳುವುದು ಕಷ್ಟವಾಗಿತ್ತು.

ನನಗೆ ಖಾತ್ರಿಯಾದದ್ದು ಫೆಬ್ರವರಿಯಲ್ಲಿ. ನಮ್ಮ ಫ್ಲಾಟಿನ ಕೆಳಗೆ ಲಿಫ್ಟಿನ ಮುಂದೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಕೈ ಮಂಜುಗಡ್ಡೆ. ಯಾವ ಮಹಡಿ ಎಂದು ಮರೆತಿದ್ದರು, ಯಾರ ಮನೆ ಎಂಬುದೂ ಮರೆತಿತ್ತು. ನನ್ನ ಮುಖ ಕಂಡ ಮೇಲೆ ಎಲ್ಲ ವಾಪಸ್ಸು ಬಂತು. ಮೇಲೆ ಕರೆದುಕೊಂಡು ಹೋಗಿ ಚಹಾ ಕೊಟ್ಟೆ. ಅರ್ಧ ಕುಡಿದು ಹೇಳಿದರು:

“ನಂಗೆ ಗೊತ್ತು ಕಣೇ. ಹೋಗ್ತಾ ಇದೆ. ಕ್ಲಾಸಲ್ಲಿ ಬೋರ್ಡ್ ಒರೆಸ್ತಾರಲ್ಲ, ಹಾಗೆ.”

“ಮಗನಿಗೆ ಹೇಳೀರೇನು?”

“ಅವನಿಗೆ ಗೊತ್ತಾದ್ರೆ ಬಾಗಿಲಿಗೆ ಬೀಗ ಹಾಕ್ತಾನೆ. ಕೆಟ್ಟವನಲ್ಲ. ಒಳ್ಳೆಯವನು, ಅದಕ್ಕೇ ಹಾಕ್ತಾನೆ. ಒಬ್ಬಳೇ ಹೊರಗೆ ಬಿಡಲ್ಲ, ನಿನ್ನ ಜೊತೆಗೂ ಬಿಡಲ್ಲ. ಇದೊಂದು ವಸಂತ ನನಗೆ ಬೇಕು. ಮೇ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ.”

“ಮರ್ತರ?”

“ನೀನು ಜ್ಞಾಪಿಸು. ಅಲ್ಲೀವರೆಗೂ ಬಾಯಿ ಬಿಡಬೇಡ.”

ಹೂಂ ಎಂದೆ. ಹೂಂ ಎಂದಾಗ ಅದು ದೊಡ್ಡ ಮಾತು ಎಂದು ಅನ್ನಿಸಲಿಲ್ಲ. ಫೆಬ್ರವರಿಯಿಂದ ಮೇ ಎಷ್ಟು ದೂರ?

ಅಕ್ಕೋರ ಮಗ ಡಾಕ್ಟರ್. ಪ್ರತಿ ಭಾನುವಾರ ನಮ್ಮ ನೋಟ್‌ಬುಕ್ ಓದುತ್ತಿದ್ದ. ಅಮ್ಮನ ಹಕ್ಕಿಗಳ ಪುಟ ಎಂದು ಫೋಟೋ ತೆಗೆದು ತನ್ನ ಜೊತೆ ಕೆಲಸ ಮಾಡುವವರಿಗೆ ತೋರಿಸುತ್ತಿದ್ದ. ಚಳಿಗಾಲದ ಒಂದು ಕೆಂಬೂತ ಅವನ ಕಣ್ಣು ತಪ್ಪಿಸಿತ್ತು, ಮತ್ತೆ ಮತ್ತೆ ಕಂಡರೆ ಕೇಳಿಯೇ ಕೇಳುತ್ತಾನೆ. ಹಾಗಾಗಿ ಮಾರ್ಚಿನಿಂದ ನಾನು ಅಕ್ಕೋರು ಹೇಳಿದ್ದನ್ನು ಬಿಟ್ಟು, ಕಣ್ಣಿಗೆ ಕಂಡದ್ದನ್ನು ಬರೆಯತೊಡಗಿದೆ. ಅವರು ಕೆಂಬೂತ ಎಂದರೆ ಮ್ಯಾಗ್‌ಪೈ. ಅವರು ಪಿಕಳಾರ ಎಂದರೆ ರಾಬಿನ್. ತಲೆಯಲ್ಲಿ ಮಾತ್ರ ಎಂದಿನಂತೆ, ಹೇಳಿದವರು ಅಕ್ಕೋರು. ಅವರು ಪುಸ್ತಕ ತೆಗೆದುಕೊಂಡು ನೋಡುತ್ತಿದ್ದರು. ಹಾಗೇ ವಾಪಸ್ಸು ಕೊಡುತ್ತಿದ್ದರು. ಒಮ್ಮೆ ನನ್ನ ಬೆನ್ನ ಮೇಲೆ ಕೈಯಿಟ್ಟು ಹೋದರು. ಅದು ಗೊತ್ತಾಗಿ ಇಟ್ಟ ಕೈಯೋ, ಸುಮ್ಮನೆ ಇಟ್ಟ ಕೈಯೋ ನನಗೆ ಗೊತ್ತಿಲ್ಲ.

ಮೇ ಕೊನೆಯ ವಾರಕ್ಕೆ ಸ್ವಲ್ಪ ಮೊದಲು, ಒಂದು ಶನಿವಾರ. ಬೆಳಿಗ್ಗೆ ಅಕ್ಕೋರನ್ನು ಕರೆಯಲು ಎಜ್‌ವೇರ್‌ಗೆ ಹೋದೆ. ಬಾಗಿಲು ತೆರೆದವನು ಮಗ. ಒಳಗೆ ಅಕ್ಕೋರು ಶೂ ಹಾಕಿಕೊಳ್ಳುತ್ತಿದ್ದರು. ಅವನು ಹೊಸ್ತಿಲ ಹೊರಗೆ ಬಂದು ಬಾಗಿಲು ಅರ್ಧ ಎಳೆದುಕೊಂಡ.

“ಆಂಟಿ, ಒಂದು ವಿಷಯ ಕೇಳ್ಬೇಕು. ಅಮ್ಮ ಎರಡು ಸಲ ಗ್ಯಾಸ್ ಆನ್ ಮಾಡಿ ಹಾಗೇ ಬಿಟ್ಟಿದ್ರು. ಸಾರಿಗೆ ಉಪ್ಪು ಎರಡೆರಡು ಸಲ. ನನ್ನ ವೈಫು ಮೆಮೊರಿ ಕ್ಲಿನಿಕ್‌ಗೆ ತೋರಿಸೋಣ ಅಂತಾಳೆ. ನಾನು ಅವಳಿಗೆ ನಿಮ್ಮ ಬುಕ್ ತೋರಿಸಿದೆ. ವಾರ ವಾರ ಇಷ್ಟು ಹಕ್ಕಿ ಹೆಸರು ಹೇಳೋರಿಗೆ ಮೆಮೊರಿಗೇನಾಗಿದೆ ಅಂತ. ನೀವು ಹೇಳಿ, ನಿಮ್ಮ ಜೊತೆ ಸರಿಯಾಗಿರ್ತಾರಾ? ನೀವು ನೇರ ಮಾತಾಡೋರು. ನೀವು ಹೇಳಿದ್ರೆ ನಂಬ್ತೀನಿ.”

ಬಾಗಿಲ ಸಂದಿನಲ್ಲಿ ಅಕ್ಕೋರು ಕಾಣುತ್ತಿದ್ದರು. ಒಂದು ಕಾಲಿನ ಶೂ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಅದೇನೆಂದು ನೋಡುತ್ತಿದ್ದರು.

“ನಿಮ್ಮವ್ವಗ ಏನೂ ಆಗಿಲ್ಲಪ್ಪ. ನನಗಿಂತ ಚಲೋ ಅದಾರ” ಎಂದೆ.

ಅವನ ಮುಖ ಹಗುರಾಯಿತು. ಅಮ್ಮನಿಗೆ ತಾನೇ ಶೂ ಕಟ್ಟಿ ಕಳುಹಿಸಿದ.

ಉಡುಪಿಯವಳನ್ನು ಸ್ಟೇಷನ್ನಿನಲ್ಲಿ ಕೂಡಿಸಿಕೊಂಡು ಮೊದಲು ಕ್ಯಾನನ್ಸ್ ಪಾರ್ಕಿಗೆ ಹೋದೆವು. ಬಿಸಿಲಿತ್ತು. ಗೋಡೆ ಕಟ್ಟಿದ ತೋಟದಲ್ಲಿ ಹೂವು ತುಂಬಿತ್ತು. ಅಕ್ಕೋರು ಖುಷಿಯಲ್ಲಿದ್ದರು. ದುರ್ಬೀನು ಎತ್ತುವುದು, ಇಳಿಸುವುದು, ಹೇಳುವುದು. “ಗಿಣಿ, ಎರಡು.” ಸರಿ. “ಪಿಕಳಾರ.” ಅದು ರಾಬಿನ್. “ಮಡಿವಾಳ ಹಕ್ಕಿ.” ಅದು ಮತ್ತೆ ಮ್ಯಾಗ್‌ಪೈ. “ಕೆಂಬೂತ ಪೊದೆಯೊಳಗೆ ಹೋಯ್ತು, ನೋಡೇ.” ಪೊದೆಯೊಳಗೆ ಕಾಡುಪಾರಿವಾಳ ಗುಮ್ಮೆನ್ನುತ್ತಿತ್ತು. ನಾನು ಬರೆಯುತ್ತಾ ಹೋದೆ. ಅವರು ಕೊಳದ ಕಡೆ ನಾಲ್ಕು ಹೆಜ್ಜೆ ಮುಂದೆ ಹೋದಾಗ ಉಡುಪಿಯವಳು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು.

“ಎಂತ ಮಾರಾಯ್ತಿ, ಅವರು ಹೇಳಿದ್ದು ಎಂತ, ನೀನು ಬರೆದದ್ದು ಎಂತ?”

“ಕಂಡದ್ದು ಬರದೀನಿ.”

“ಎಷ್ಟು ದಿನದಿಂದ ಉಂಟು ಇದು?”

ನಾನು ಪೆನ್ನಿನ ಮುಚ್ಚಳ ಹಾಕಿದೆ. ಅವಳು ದಡ್ಡಿಯಲ್ಲ.

“ಮಗನಿಗೆ ಹೇಳಬೇಕಲ್ವಾ?”

“ಮೇ ಮುಗೀಲಿ. ಮಾತು ಕೊಟ್ಟೀನಿ.”

“ಮಾತು ಕೊಟ್ಟದ್ದು ಯಾರಿಗೆ? ಅವರಿಗೇ ಅದು ನೆನಪುಂಟಾ?”

“ನನಗ ನೆನಪೈತಿ.”

“ನಿನ್ನ ತಲೆ. ನಾಳೆ ಎಂತಾದರೂ ಆದ್ರೆ?”

“ಇನ್ನ ಒಂದು ವಾರ. ಒಂದು ವಾರ ತಡಕೊಳ್ಳಾಕ ಆಗಂಗಿಲ್ಲೇನು ನಿನಗ? ಬಾಯಾಗ ಬಜಿ ಇಟ್ಕೊಂಡು ಸುಮ್ಮನಿರು.”

ಅವಳಿಗೆ ಸಿಟ್ಟು ಬಂತು. ಆದರೂ ಸುಮ್ಮನಾದಳು. ನನ್ನ ಬಾಯಿಗೆ ಹೆದರುವವಳಲ್ಲ, ಅಕ್ಕೋರ ಖುಷಿ ಕೆಡಿಸಲು ಮನಸ್ಸಾಗಲಿಲ್ಲ ಎಂದು ಆಮೇಲೆ ಹೇಳಿದಳು.

ಮಧ್ಯಾಹ್ನ ಬಸ್ಸು ಹತ್ತಿ ಕಿಂಗ್ಸ್‌ಬರಿ ಆಚೆಗಿನ ಹುಲ್ಲುಗಾವಲಿಗೆ ಹೋದೆವು. ಊರಿನ ನಡುವೆ ಅಂಥ ಜಾಗವಿದೆ ಎಂದು ನೋಡದವರು ನಂಬುವುದಿಲ್ಲ. ಹುಲ್ಲು ಸೊಂಟದವರೆಗೆ, ನಡುವೆ ಹಳದಿ ಹೂ, ಒಂದರಾಚೆ ಒಂದು ಬಯಲು, ಒಂದೊಂದರ ಸುತ್ತ ಮುಳ್ಳುಗಿಡದ ಎತ್ತರದ ಬೇಲಿ. ಬೇಲಿಗೆಲ್ಲ ಬಿಳಿ ಹೂ ಬಿಟ್ಟಿತ್ತು. ಪ್ರತಿ ಮೇ ತಿಂಗಳಲ್ಲಿ ಇಲ್ಲಿಗೆ ಆಫ್ರಿಕಾದಿಂದ ಒಂದು ಸಣ್ಣ ಹಕ್ಕಿ ಬರುತ್ತದೆ. ವೈಟ್‌ಥ್ರೋಟ್. ನಾವು ಬಿಳಿಗಂಟಲು ಎನ್ನುತ್ತೇವೆ. ಬೇಲಿಯ ತುದಿಯಲ್ಲಿ ಕೂತು ಗಂಟಲು ಉಬ್ಬಿಸಿ, ನೆರೆಮನೆಯವರಿಗೆ ಬೈಯುವ ಹಾಗೆ ಹಾಡುತ್ತದೆ. ಅಕ್ಕೋರಿಗೆ ಎಲ್ಲಕ್ಕಿಂತ ಇಷ್ಟದ ಹಕ್ಕಿ. ಮೊದಲ ವರ್ಷವೇ ಹೇಳಿದ್ದರು, “ಇಷ್ಟುದ್ದ ಇಲ್ಲ, ಬಾಯಿ ನೋಡು. ನಿನ್ನ ಹಾಗೇ ಕಣೇ.” ಅವರು ಒಂದು ವಸಂತ ಬೇಕು ಎಂದದ್ದು ಇದಕ್ಕೇ ಎಂದು ನನಗೆ ಗೊತ್ತಿತ್ತು.

ಬೇಲಿಯ ಪಕ್ಕ ಬೆಂಚಿನ ಮೇಲೆ ಕೂತೆವು. ಬಜೆ ತಿಂದೆವು. ಉಡುಪಿಯವಳು ಕಾಲು ನೀಡಿ ಹುಲ್ಲಿನ ಮೇಲೆ ಒರಗಿದವಳು ನಿದ್ದೆ ಹೋದಳು. ಅಷ್ಟರಲ್ಲಿ ಅದು ಬಂತು. ಬೇಲಿಯ ತುದಿಯ ಹೂವಿನ ಮೇಲೆ ಕೂತು ಶುರುಮಾಡಿತು.

ಅಕ್ಕೋರು ದುರ್ಬೀನು ಎತ್ತಲಿಲ್ಲ. ಹಾಗೇ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಹೆಸರು ಹುಡುಕುತ್ತಿದ್ದರು. ಮೈಸೂರಿನಲ್ಲಿ ಈ ಹಕ್ಕಿ ಇಲ್ಲ, ಹಾಗಾಗಿ ಅಲ್ಲಿಂದ ತರಲೂ ಹೆಸರಿಲ್ಲ. ನನಗೆ ಹೇಳಿಬಿಡಬೇಕು ಅನ್ನಿಸಿತು. ಅವರು ನನ್ನ ಕಡೆ ತಿರುಗಿ ನಕ್ಕರು.

“ನೀನು” ಎಂದರು. “ಇದು ನೀನು. ಬರಿ.”

ನಾನು ತಲೆ ಬಗ್ಗಿಸಿ ‘ಬಿಳಿಗಂಟಲು’ ಎಂದು ಬರೆದೆ. ನನ್ನ ಬರವಣಿಗೆ ನಿಧಾನ. ಒಂದೊಂದು ಅಕ್ಷರಕ್ಕೂ ಪೆನ್ನು ಊರಬೇಕು. ಅದಾದ ಮೇಲೆ ಬೆಳಗಿನಿಂದ ಬಿಟ್ಟುಹೋಗಿದ್ದ ಎರಡು ಮೂರನ್ನು ತುಂಬಿಸಿದೆ. ನಾಳೆ ಭಾನುವಾರ, ಮಗ ಓದುತ್ತಾನೆ, ಪುಟ ಚೆನ್ನಾಗಿ ಕಾಣಬೇಕು. ಕೊನೆಯ ಹೆಸರು ಬರೆದು ತಲೆ ಎತ್ತಿದೆ. ಬೆಂಚಿನ ಮೇಲೆ ದುರ್ಬೀನು ಇತ್ತು. ಅಕ್ಕೋರು ಇರಲಿಲ್ಲ.

ಹಕ್ಕಿ ಇನ್ನೂ ಅಲ್ಲೇ ಕೂತು ಬೈಯುತ್ತಿತ್ತು.

ಮೊದಲು ಕೂಗಲಿಲ್ಲ. ಮರೆಗೆ ಹೋಗಿರಬಹುದು ಅಂದುಕೊಂಡೆ. ಆಮೇಲೆ ಕೂಗಿದೆ. ಉಡುಪಿಯವಳು ಎದ್ದಳು, ನನ್ನ ಮುಖ ನೋಡಿ ಅಕ್ಕೋರ ಮಗನಿಗೆ ಫೋನು ಹಚ್ಚಿದಳು. ನಾನು ಹುಲ್ಲಿನೊಳಗೆ ನಡೆದೆ. ಒಂದು ಬಯಲು ದಾಟಿದರೆ ಇನ್ನೊಂದು, ಎಲ್ಲವೂ ಒಂದೇ ಥರ. ನಾಯಿ ಅಡ್ಡಾಡಿಸುತ್ತಿದ್ದ ಬಿಳಿಯ ಮುದುಕನೊಬ್ಬ ಸಿಕ್ಕಿದ. ನನಗೆ ಇಂಗ್ಲಿಷ್ ಬರುವುದು ಅಂಗಡಿಗೆ ಸಾಕಾಗುವಷ್ಟು. “ಫ್ರೆಂಡ್. ನೋ ಫ್ರೆಂಡ್” ಎಂದೆ. ಅವನಿಗೆ ತಿಳಿಯಿತು. ಅವನೂ ಹುಡುಕತೊಡಗಿದ.

ಮಗ ಬಂದಾಗ ಐದಾಗಿತ್ತು. ಆಸ್ಪತ್ರೆಯ ಬ್ಯಾಡ್ಜು ಕೊರಳಲ್ಲೇ ಇತ್ತು. ಗಾಬರಿಯಾಗಿದ್ದರೂ ನನಗೇ ಸಮಾಧಾನ ಹೇಳಿದ.

“ಟೆನ್ಷನ್ ಮಾಡ್ಕೋಬೇಡಿ ಆಂಟಿ. ಅಮ್ಮನಿಗೆ ದಾರಿ ಗೊತ್ತು. ಬಸ್ ಹಿಡಿದು ಮನೆಗೆ ಹೋಗಿರ್ತಾರೆ.”

“ಗೊತ್ತಿಲ್ಲ” ಎಂದೆ.

“ಏನು ಗೊತ್ತಿಲ್ಲ?”

“ದಾರಿ ಗೊತ್ತಿಲ್ಲ. ಬಸ್ಸು ಗೊತ್ತಿಲ್ಲ. ಚಳಿಗಾಲದಿಂದ ಗೊತ್ತಿಲ್ಲ. ಹಕ್ಕೀ ಹೆಸರು ನಾನಽ ಬರದೀನಿ, ಅವರು ಹೇಳಿಲ್ಲ. ಮುಂಜಾನೆ ನಿನಗ ಸುಳ್ಳ ಹೇಳೀನಿ.”

ಅವನು ನನ್ನ ಕೈಯಲ್ಲಿದ್ದ ನೋಟ್‌ಬುಕ್ಕನ್ನು ನೋಡಿದ. ತಿರುಗಿ ಓಡಿದ, ಓಡುತ್ತಲೇ ಪೊಲೀಸರಿಗೆ ಫೋನು ಮಾಡಿದ.

ಸಿಕ್ಕಿದ್ದು ಏಳು ದಾಟಿದ ಮೇಲೆ. ಮೇ ತಿಂಗಳು, ಬಿಸಿಲು ಇನ್ನೂ ಹುಲ್ಲಿನ ಮೇಲಿತ್ತು. ಮುದುಕನ ನಾಯಿ ಒಂದು ಬೇಲಿಯ ಹತ್ತಿರ ನಿಂತು ಬೊಗಳಿತು. ಬೇಲಿಯ ಸಂದಿನಲ್ಲಿ ನುಸುಳಿ ಆಚೆಯ ಹಳ್ಳಕ್ಕೆ ಬಿದ್ದಿದ್ದರು. ನೀರು ಸ್ವಲ್ಪವೇ ಇತ್ತು. ಸೊಂಟದ ಮೂಳೆ ಮುರಿದಿತ್ತು. ಬೆಂಚಿನಿಂದ ಅಲ್ಲಿಗೆ ಎರಡು ಬಯಲು, ಅಷ್ಟೇ. ನಾನು ಅದರ ಪಕ್ಕದಲ್ಲೇ ಎರಡು ಸಲ ಹೋಗಿದ್ದೆ. ಅವರು ಕೂಗಿರಲಿಲ್ಲ. ಯಾರನ್ನು ಕೂಗಬೇಕು ಎಂದು ಗೊತ್ತಿದ್ದರೆ ತಾನೇ.

ಮಗ ಹಳ್ಳಕ್ಕಿಳಿದು ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅವನ ಮುಖ ನೋಡಿ “ಮಕ್ಕಳೆಲ್ಲ ಮನೆಗೆ ಹೋದ್ರಾ? ಗೇಟು ಹಾಕಿದ್ರಾ?” ಎಂದು ಕೇಳಿದರು. ಆಮೇಲೆ ಮೇಲೆ ನಿಂತಿದ್ದ ನನ್ನನ್ನು ನೋಡಿದರು.

“ಬರೆದ್ಯೇನೇ?”

“ಬರದೀನ್ರೀ ಅಕ್ಕೋರ.”

ಅವರು ನನ್ನನ್ನು ಗುರುತು ಹಿಡಿದದ್ದು ಅದೇ ಕೊನೆ.

ಆಪರೇಷನ್ ಆಯಿತು. ಅರಿವಳಿಕೆ ಕೊಟ್ಟ ಮೇಲೆ ವಯಸ್ಸಾದವರಿಗೆ ಹೀಗಾಗುವುದುಂಟು, ಇದ್ದ ಮರೆವು ಇನ್ನೂ ಹೆಚ್ಚುವುದುಂಟು ಎಂದು ನನ್ನ ಮಗಳು ಹೇಳಿದಳು. ಮೊದಲೇ ತೋರಿಸಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಕೇಳಿದೆ. “ಕಾಯಿಲೆ ವಾಸಿ ಆಗ್ತಿರಲಿಲ್ಲ ಅವ್ವಾ. ಆದ್ರ ಹಳ್ಳಕ್ಕ ಬೀಳ್ತಿರಲಿಲ್ಲ” ಎಂದಳು. ಹುಡುಗಿ ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು.

ಅಕ್ಕೋರ ಮಗನ ಹತ್ತಿರ ಬೈಸಿಕೊಳ್ಳಲು ಎರಡು ಸಲ ಹೋದೆ. ಮೊದಲ ಸಲ ಸೊಸೆ ಬಾಗಿಲು ತೆರೆದು, ನನ್ನ ಮುಖ ನೋಡಿ, ಒಳಗೆ ಹೋಗಿ ಅವನನ್ನು ಕಳಿಸಿದಳು. ಅವಳು ಈಗಲೂ ನನ್ನ ಜೊತೆ ಮಾತಾಡುವುದಿಲ್ಲ, ಅದು ಸರಿಯೇ. ಅವನು ನೋಟ್‌ಬುಕ್ ಕೇಳಿ ತೆಗೆದುಕೊಂಡ. ಎರಡನೆಯ ಸಲ ಹೋದಾಗ ವಾಪಸ್ಸು ಕೊಟ್ಟ.

“ನಾನು ಡಾಕ್ಟರ್, ಆಂಟಿ. ದಿನಾ ಇಂಥವರನ್ನ ನೋಡ್ತೀನಿ. ಅಮ್ಮನ್ನ ನೋಡೋದು ಬಿಟ್ಟು ಬುಕ್ ನೋಡಿದೆ” ಎಂದ. “ಟೀ ಕುಡೀತೀರಾ?”

ಟೀ ಕುಡಿಯಲು ನನ್ನಿಂದ ಆಗಲಿಲ್ಲ. ಬೈದಿದ್ದರೆ ಕುಡಿಯುತ್ತಿದ್ದೆ.

ನಡೆಯಲು ಆಗದೆ ಹೋದಾಗ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇಟ್ಟುಕೊಳ್ಳಲಾಗದೆ ಅಕ್ಕೋರನ್ನು ಕೇರ್ ಹೋಮಿಗೆ ಸೇರಿಸಿದರು. ಎಜ್‌ವೇರ್‌ನಲ್ಲೇ. ಬಾಗಿಲಿಗೆ ನಂಬರಿನ ಬೀಗವಿದೆ. ಪ್ರತಿ ಮಂಗಳವಾರ ಬಸ್ಸಿನಲ್ಲಿ ಹೋಗುತ್ತೇನೆ. ಉಡುಪಿಯವಳು ತಿಂಗಳಿಗೊಮ್ಮೆ ಬಜೆ ತರುತ್ತಾಳೆ, ಅಕ್ಕೋರಿಗೆ ಮೆತ್ತಗೆ ಮಾಡಿ ತಿನ್ನಿಸುತ್ತಾಳೆ. ಮೊದಲ ಸಲ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತಾಗ ಅವಳಿಗೆ ಹೇಳಿದೆ, “ನೀ ಹೇಳಿದ್ದಿ, ನಾ ಕೇಳಲಿಲ್ಲ.” ಅವಳು “ನಾನು ಮಲಗಿದ್ದೆ ಮಾರಾಯ್ತಿ. ಗೊತ್ತಿದ್ದೂ ಮಲಗಿದ್ದೆ” ಎಂದಳು. ಹುಲ್ಲುಗಾವಲಿಗೆ ನಾವಿಬ್ಬರೂ ಮತ್ತೆ ಹೋಗಿಲ್ಲ.

ಈ ಸಲದ ಮೇ ಬಂತು. ಕಳೆದ ಮಂಗಳವಾರ ನೋಟ್‌ಬುಕ್ ತೆಗೆದುಕೊಂಡು ಹೋದೆ. ಅಕ್ಕೋರು ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿದ್ದರು. ಬ್ಲೌಸ್ ಅಲ್ಲ, ಅಲ್ಲಿ ಎಲ್ಲರಿಗೂ ಹಾಕುವಂಥ ನೂಲಿನ ಅಂಗಿ. ಅದೂ ಉಲ್ಟಾ ಇತ್ತು. ಸರಿಮಾಡಿ ಹಾಕಿದೆ. ಕಿಟಕಿಯಾಚೆ ಹುಲ್ಲಿನ ಮೇಲೆ ಮ್ಯಾಗ್‌ಪೈ ಕುಪ್ಪಳಿಸುತ್ತಿತ್ತು. ಅವರು ಅದಕ್ಕೆ ಯಾವ ಹೆಸರನ್ನೂ ಹೇಳಲಿಲ್ಲ. ಕೆಂಬೂತ ಎಂದೂ ಹೇಳಲಿಲ್ಲ. ಈಗ ಹೇಳಿದ್ದನ್ನು ಹೇಳಿದ ಹಾಗೇ ಬರೆಯಲು ನಾನು ತಯಾರಿದ್ದೇನೆ, ಹೇಳುವುದು ಮುಗಿದುಹೋಗಿದೆ.

ಆ ದಿನದ ಪುಟ ತೆಗೆದು ಓದಿ ಹೇಳಿದೆ. ತಲೆಯಿಂದ ಶುರುಮಾಡಿದೆ. ಹೇಳಿದವರು ಅಕ್ಕೋರು, ಬರೆದವಳು ನಾನು. ಗಿಣಿ. ರಾಬಿನ್. ಮ್ಯಾಗ್‌ಪೈ. ಕಾಡುಪಾರಿವಾಳ. ಹದಿನಾಲ್ಕನ್ನೂ ಓದಿದೆ. ಬೆರಳಿಟ್ಟು ಓದುತ್ತೇನೆ, ಹೊತ್ತಾಗುತ್ತದೆ. ಅವರು ಕಿಟಕಿಯಿಂದ ಮುಖ ತಿರುಗಿಸಿ ಪುಸ್ತಕವನ್ನು ನೋಡಿದರು.

“ಇದನ್ನ ಯಾರು ಹೇಳಿದ್ದು?”

“ನೀವಽ ರೀ.”

“ನಾನು ಹೇಳಿಲ್ಲ.”

ದನಿ ತರಗತಿಯ ದನಿ. ಆ ದನಿ ಕೇಳಿ ಒಂದು ವರ್ಷವಾಗಿತ್ತು.

“ಇಲ್ರಿ, ಹೇಳಿಲ್ಲ. ನಾನಽ ಬರದೀನಿ.”

“ತಪ್ಪು. ಹತ್ತು ಸಲ ಬರಿ.”

“ಏನಂತ ಬರೀಲ್ರಿ?”

ಅವರು ಆಗಲೇ ಕಿಟಕಿಯ ಕಡೆ ತಿರುಗಿದ್ದರು.

ಪೆನ್ನು ತೆಗೆದೆ. ಹಳೆಯದನ್ನು ಹೊಡೆದುಹಾಕಲಿಲ್ಲ. ಕೆಳಗೆ ಉಳಿದಿದ್ದ ಜಾಗದಲ್ಲಿ ಆ ದಿನ ಅವರು ನಿಜವಾಗಿ ಹೇಳಿದ್ದನ್ನು ಬರೆದೆ. ಪಿಕಳಾರ, ಮಡಿವಾಳ, ಕೆಂಬೂತ. ಒಂದೂ ಮರೆತಿರಲಿಲ್ಲ. ಬಿಳಿಗಂಟಲಿನ ಕೆಳಗೆ ‘ನೀನು’ ಎಂದು ಬರೆದೆ. ಅದನ್ನೇ ಹತ್ತು ಸಲ ಬರೆಯೋಣ ಎಂದುಕೊಂಡೆ. ನೀನು, ನೀನು, ನೀನು. ಆರನೆಯದಕ್ಕೆ ಬರುವಷ್ಟರಲ್ಲಿ ಅಕ್ಕೋರು ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಉಳಿದ ನಾಲ್ಕನ್ನೂ ಬರೆದೆ, ಒಮ್ಮೆ ಎಣಿಸಿದೆ, ಅವರ ಕಾಲಿನ ಮೇಲೆ ಶಾಲು ಎಳೆದು ಬಸ್ಸಿಗೆ ಹೋದೆ.